5600ಜಿಯೋ, 12400ಓ? ಮೊದಲ ಸಲ ಕಂಪ್ಯೂಟರ್ ಜೋಡಿಸುವವರಿಗೆ

ಹಾಸನ, ಚಿಕ್ಕಮಗಳೂರಿನ ಕಡೆ ಮೊದಲ ಸಲ ತಾವೇ ಡೆಸ್ಕ್‌ಟಾಪ್ ಜೋಡಿಸಲು ಹೊರಟವರು ಮಧ್ಯಮ ಬಜೆಟ್‌ನಲ್ಲಿ ತೂಗಿ ನೋಡಬೇಕಾದ ಪ್ರೊಸೆಸರ್ ಎರಡು. ಎಎಂಡಿಯ ರೈಜನ್ 5 5600ಜಿ, ಇಂಟೆಲ್‌ನ ಐ5-12400. ಎರಡರಲ್ಲೂ 6 ಕೋರ್, 12 ಥ್ರೆಡ್. ಎರಡೂ ಡಿಡಿಆರ್4 ರ‍್ಯಾಮ್‌ನಲ್ಲಿ ನಡೆಯುತ್ತವೆ, ಗ್ರಾಫಿಕ್ಸ್ ಒಳಗೇ ಇದೆ. ಎರಡನ್ನೂ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಗ್ರಾಫಿಕ್ಸ್ ಕಾರ್ಡ್ ಹಾಕುವ ಯೋಚನೆಯೇ ಇಲ್ಲದವರಿಗೆ 5600ಜಿ, ಒಂದೆರಡು ವರ್ಷದಲ್ಲಿ ಹಾಕಬೇಕೆಂದಿರುವವರಿಗೆ 12400.

ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದರೂ ಕೆಲಸ ಕೆಡುತ್ತದೆ. 12400ಎಫ್‌ನಲ್ಲಿ ಗ್ರಾಫಿಕ್ಸ್ ಇಲ್ಲ, ಜಿ ಇಲ್ಲದ 5600ರಲ್ಲೂ ಇಲ್ಲ. ಮದರ್‌ಬೋರ್ಡಿನ ಎಚ್‌ಡಿಎಂಐಗೆ ಕೇಬಲ್ ಸಿಕ್ಕಿಸಿ ಎಷ್ಟು ಹೊತ್ತು ಕಾದರೂ ಪರದೆ ಬೆಳಗುವುದಿಲ್ಲ. ಬಿಲ್ ಹಾಕಿಸುವ ಮುಂಚೆ ಡಬ್ಬದ ಮೇಲಿನ ಹೆಸರನ್ನು ಅಕ್ಷರ ಬಿಡದೆ ಓದಿ.

ಕೈಗೆ ಹೆಚ್ಚು ವ್ಯತ್ಯಾಸ ಗೊತ್ತಾಗುವುದು ಪ್ರೊಸೆಸರ್ ಕೂರಿಸುವಾಗ. 5600ಜಿಯ ಪಿನ್‌ಗಳು ಪ್ರೊಸೆಸರ್‌ನ ಹೊಟ್ಟೆಯಲ್ಲೇ ಇವೆ, 1331. ಅಂಚು ಹಿಡಿದೇ ಎತ್ತಬೇಕು. ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಕೂರುತ್ತದೆ. ಒತ್ತಲು ಹೋದರೆ ಪಿನ್ ಮಣಿಯುತ್ತದೆ. ಒಂದೆರಡು ಮಣಿದರೆ ಬ್ಲೇಡಿನಂಥ ತೆಳುವಾದದ್ದರಿಂದ ನಿಧಾನವಾಗಿ ನೇರ ಮಾಡಬಹುದು. 12400ರಲ್ಲಿ ಪಿನ್‌ಗಳೆಲ್ಲ ಬೋರ್ಡಿನ ಸಾಕೆಟ್‌ನಲ್ಲಿ. ಕೂದಲೆಳೆಯಂಥವು, ಮಣಿದರೆ ಬೋರ್ಡ್ ಹೋದಂತೆಯೇ. ಅದಕ್ಕೇ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಮೊದಲೇ ಕೀಳಬೇಡಿ. ಪ್ರೊಸೆಸರ್ ಇಟ್ಟು ಲೀವರ್ ಇಳಿಸುವಾಗ ಅದು ಟಪ್ಪೆಂದು ತಾನೇ ಎಗರುತ್ತದೆ. ಲೀವರ್‌ಗೆ ಸಾಕಷ್ಟು ಬಲ ಬೇಕು, ಕರಕರ ಸದ್ದೂ ಬರುತ್ತದೆ. ಹೊಸಬರು ಹೆದರಿ ಅರ್ಧಕ್ಕೇ ಬಿಡುತ್ತಾರೆ, ಹೆದರಬೇಕಿಲ್ಲ. ಆ ಮುಚ್ಚಳವನ್ನು ಎಸೆಯದೆ ಎತ್ತಿಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಅದನ್ನು ಕೇಳುತ್ತಾರೆ.

ಕೂಲರ್ ವಿಷಯದಲ್ಲಿ ಎಎಂಡಿಯೇ ವಾಸಿ. ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು, ಬಿಚ್ಚಿದ ಕೂಡಲೇ ಹಿಂದಿನ ಲೋಹದ ಪ್ಲೇಟ್ ಕಳಚಿ ಬೀಳುತ್ತದೆ, ಒಂದು ಕೈ ಅಡಿಯಲ್ಲಿರಲಿ. ಆಮೇಲೆ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಿಂದ ಎರಡೆರಡು ಸುತ್ತಿನಂತೆ ಬಿಗಿದರೆ ಆಯಿತು. ಇಂಟೆಲ್ ಕೂಲರ್‌ನದು ಒತ್ತಿ ಸಿಕ್ಕಿಸುವ ನಾಲ್ಕು ಕಾಲು. ಮೂರು ಸಿಕ್ಕಿಕೊಂಡು ನಾಲ್ಕನೆಯದು ಕೂತಂತೆ ಕಂಡು ಮೋಸ ಮಾಡುತ್ತದೆ. ಬೋರ್ಡ್ ತಿರುಗಿಸಿ, ನಾಲ್ಕೂ ಕಡೆ ಬಿಳಿ ಕಾಲಿನ ನಡುವೆ ಕಪ್ಪು ಕಡ್ಡಿ ಹೊರಬಂದಿದೆಯೇ ನೋಡಿ. ಒಂದು ಸಡಿಲವಿದ್ದರೂ ಬಿಸಿ 100 ಡಿಗ್ರಿಯವರೆಗೂ ಏರಿ ಪ್ರೊಸೆಸರ್ ತಾನೇ ವೇಗ ತಗ್ಗಿಸುತ್ತದೆ, ಅದಕ್ಕೆ ಕಾರಣ ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಎರಡೂ ಕೂಲರ್‌ಗೆ ಬಿಸಿ ಸಾಗಿಸುವ ಪೇಸ್ಟ್ ಮೊದಲೇ ಹಚ್ಚಿರುತ್ತದೆ, ಮತ್ತೆ ಬೇಡ. ಎಎಂಡಿ ಕೂಲರ್ ಮುಂದೆಂದಾದರೂ ತೆಗೆಯುವಾಗ ಮಾತ್ರ ಕಂಪ್ಯೂಟರ್ ಸ್ವಲ್ಪ ಓಡಿಸಿ, ಆಫ್ ಮಾಡಿ ಪ್ಲಗ್ ಕಿತ್ತು, ಪೇಸ್ಟ್ ಬೆಚ್ಚಗಿರುವಾಗಲೇ ಎಡಬಲ ತಿರುಚುತ್ತಾ ಬಿಡಿಸಿ. ನೇರ ಎಳೆದರೆ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಕಿತ್ತು ಬರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಟ ಆಡಲು 5600ಜಿಯ ಒಳಗಿನ ಗ್ರಾಫಿಕ್ಸ್ ವೇಗಾ 7 ಸ್ಪಷ್ಟವಾಗಿ ಮುಂದು. ಆದರೆ ಅದು ರ‍್ಯಾಮನ್ನೇ ಹಂಚಿಕೊಂಡು ಬದುಕುವುದು. ಒಂದೇ 16 ಜಿಬಿ ಕಡ್ಡಿ ಹಾಕಿದರೆ ರ‍್ಯಾಮ್‌ನ ಅರ್ಧ ವೇಗ ವ್ಯರ್ಥ. 8 ಜಿಬಿಯ ಎರಡು ಕಡ್ಡಿ ಹಾಕಿ, ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ರ‍್ಯಾಮ್ ವೇಗದ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡದಿದ್ದರೆ 3200ರ ರ‍್ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರಬಹುದು. 12400ರ ಯುಎಚ್‌ಡಿ 730 ಆಟಕ್ಕೆ ಸಪ್ಪೆ, ವಿಡಿಯೋ ಎಡಿಟಿಂಗ್‌ಗೆ ಚುರುಕು. ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರಿಗೆ ನಾವು ಹೇಳುವುದು ಇದನ್ನೇ.

ಮುಂದೆ ಕಾರ್ಡ್ ಹಾಕಿದಾಗ ಲೆಕ್ಕ ತಿರುಗುತ್ತದೆ. ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ದಾರಿಯಾದ ಪಿಸಿಐಇಯಲ್ಲಿ 5600ಜಿ ಹಳೆಯ 3.0ಕ್ಕೆ ನಿಲ್ಲುತ್ತದೆ. ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, ಎಲ್3 ಕ್ಯಾಶೆ, 16 ಎಂಬಿ, 12400ರಲ್ಲಿ 18. ಆ ದಾರಿಯಲ್ಲಿ ನಾಲ್ಕೇ ಲೇನ್ (ಸಾಲು) ಬಳಸುವ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಅಗ್ಗದ ಕಾರ್ಡ್ 5600ಜಿ ಜೊತೆ ಸೊರಗುತ್ತದೆ.

ಹಳೆ ಸ್ಟಾಕ್‌ನ ಎಎಂಡಿ ಬಿ450 ಬೋರ್ಡ್ ಬಗ್ಗೆ ಎಚ್ಚರ. ಬಯಾಸ್ ಹಳೆಯದಾದರೆ 5600ಜಿಯನ್ನು ಗುರುತಿಸುವುದೇ ಇಲ್ಲ. ಅಪ್‌ಡೇಟ್ ಮಾಡಿಸಿಯೇ ತನ್ನಿ, ಇಲ್ಲವೇ ಪೆನ್‌ಡ್ರೈವ್‌ನಿಂದ ನೇರ ಬಯಾಸ್ ಹಾಕುವ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಆರಿಸಿ. ಇಂಟೆಲ್‌ನ ಎಚ್610 ಬೋರ್ಡಿಗೆ 12400 ಹಾಕಿದರೆ ಈ ತಲೆನೋವಿಲ್ಲ. ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿನಿಂದ ತಂದದ್ದನ್ನು ಹಿಂತಿರುಗಿಸಲು ಮತ್ತೆ ಬೆಂಗಳೂರು ಬಸ್ ಹತ್ತಬೇಕಾದ ನಮಗೆ ಇದು ಸಣ್ಣ ಮಾತಲ್ಲ. ಹಾಗಾಗಿ ಕ್ಯಾಬಿನೆಟ್‌ಗೆ ತುರುಕುವ ಮುಂಚೆ ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲಿಟ್ಟು, ಪ್ರೊಸೆಸರ್, ಕೂಲರ್, ರ‍್ಯಾಮ್, 24 ಪಿನ್, 8 ಪಿನ್ ಪವರ್ ಕೇಬಲ್ ಅಷ್ಟೇ ಹಾಕಿ ಬಯಾಸ್ ಪರದೆ ಬರುತ್ತದೋ ನೋಡಿ. ಬೋರ್ಡಿನಲ್ಲಿ ಪವರ್ ಬಟನ್‌ಗೆಂದು ಇರುವ ಎರಡು ಪಿನ್ ಅನ್ನು ಸ್ಕ್ರೂ ಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಆನ್ ಆಗುತ್ತದೆ.

ವಿದ್ಯುತ್ ಬಳಕೆಯಲ್ಲಿ ದೊಡ್ಡ ಅಂತರವಿಲ್ಲ. ಕಾರ್ಡ್ ಇಲ್ಲದಿದ್ದರೆ ಎರಡಕ್ಕೂ 360 ವಾಟ್ ಕೊಡುವ 600 ವಿಎ ಯುಪಿಎಸ್ ಸಾಕು. ಮೂಡಿಗೆರೆ, ಸಕಲೇಶಪುರದ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗಿ ಬಂದು ಮಾಡುವಾಗ ಅದಿಲ್ಲದೆ ಬಯಾಸ್ ಅಪ್‌ಡೇಟ್‌ಗೆ ಕೈ ಹಾಕಲೇಬೇಡಿ. ಹಳೆ ತೋಟದ ಮನೆಗಳಲ್ಲಿ ಅರ್ತಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ (ಕಂಪ್ಯೂಟರ್‌ನ ಪವರ್ ಸಪ್ಲೈ) ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಕ್ಯಾಬಿನೆಟ್ ಮೈಗೆ ಸಣ್ಣ ಸೋರಿಕೆ ಬರುತ್ತದೆ, ಮುಟ್ಟಿದರೆ ಜುಮ್ಮೆನ್ನುತ್ತದೆ. ಆ ಸ್ಥಿತಿಯಲ್ಲಿ ಎಚ್‌ಡಿಎಂಐ ಸಿಕ್ಕಿಸಿದರೆ ಪೋರ್ಟ್ ಸುಟ್ಟುಹೋಗಬಹುದು. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್, ಅರ್ತ್ ನಡುವಿನ ವೋಲ್ಟೇಜ್ ಅಳೆಸಿ. ಮೂರು ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತಿಂಗ್ ಸರಿಮಾಡಿಸಿ, ಆಮೇಲೆ ಪ್ಲಗ್ ಹಾಕಿ.