ಮದರ್‌ಬೋರ್ಡ್ ಬಿಚ್ಚೋ ಮುಂಚೆ ನಿಮ್ಮ ವಿಂಡೋಸ್ ಕೀ ಯಾವ ಚಾನೆಲ್ಲಿನದು ನೋಡ್ಕೊಳ್ಳಿ

ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ವಿಂಡೋಸ್ 11 ಪ್ರೊ ಕೀ ತಗೊಂಡಿದ್ದೀರಾ? ಈಗಲೇ ಕಮಾಂಡ್ ಪ್ರಾಂಪ್ಟ್ ತೆಗೆದು ಎಸ್‌ಎಲ್‌ಎಂಜಿಆರ್ /ಡಿಎಲ್‌ಐ ಅಂತ ಹೊಡೆಯಿರಿ. ಬರೋ ಚಿಕ್ಕ ಪೆಟ್ಟಿಗೆಯಲ್ಲಿ ಡಿಸ್ಕ್ರಿಪ್ಷನ್ ಸಾಲಿನ ಕೊನೆ ಓದಿ. ಕೀಯ ಚಾನೆಲ್, ಅಂದ್ರೆ ಅದನ್ನ ಯಾವ ಬಗೆಯ ಗ್ರಾಹಕರಿಗೆ ಅಂತ ಕೊಟ್ಟದ್ದು ಅನ್ನೋದು, ಅಲ್ಲಿರುತ್ತೆ. ಬೋರ್ಡ್ ಬದಲಿಸಿದ ಮೇಲಲ್ಲ, ಮುಂಚೆ.

ನನಗೆ ಮಾರಿದವರ ಪುಟದಲ್ಲಿ ಇದ್ದದ್ದು: ರೀಟೇಲ್ (ಬಿಡಿ ಗ್ರಾಹಕರಿಗೆ ಮಾರೋ ಕೀ), ಲೈಫ್‌ಟೈಮ್, ಹೊಸ ಪಿಸಿಗೆ ವರ್ಗಾಯಿಸಬಹುದು. ಕೀ ಹಾಕಿದಾಗ ಒಂದೇ ಏಟಿಗೆ ಆಕ್ಟಿವೇಟ್ ಆಯ್ತು, ಸೆಟ್ಟಿಂಗ್ಸಲ್ಲಿ ಹಸಿರು ಟಿಕ್ ಬಂತು. ರ‍್ಯಾಮ್ ಹೆಚ್ಚಿಸಿದೆ, ಗ್ರಾಫಿಕ್ಸ್ ಕಾರ್ಡ್ ಬದಲಿಸಿದೆ, ಏನೂ ಆಗಲಿಲ್ಲ. ಆಗೋದೂ ಇಲ್ಲ, ಯಾಕಂದ್ರೆ ವಿಂಡೋಸ್ ಮುಖ್ಯವಾಗಿ ಗುರುತು ಹಿಡಿಯೋದು ಮದರ್‌ಬೋರ್ಡನ್ನ. ಬೋರ್ಡು, ಪ್ರೊಸೆಸರ್ ಬದಲಿಸಿದ ಕೂಡಲೇ ಆಕ್ಟಿವೇಶನ್ ಹೋಯ್ತು. ಅಲ್ಲಿವರೆಗೆ ಗಾಬರಿಯೇನಿಲ್ಲ, ರೀಟೇಲ್ ಆದ್ರೂ ಹೀಗಾಗಬಹುದು. ಅದೇ ಕೀ ಮತ್ತೆ ಹಾಕಿದೆ. ಬಂದ ಎರರ್: 0ಎಕ್ಸ್‌ಸಿ004ಸಿ020.

ಈ ನಂಬರ್ ಗೊತ್ತಿರೋರಿಗೆ ಅಲ್ಲೇ ಹೊಟ್ಟೆ ಉರಿಯುತ್ತೆ. ಮಲ್ಟಿಪಲ್ ಆಕ್ಟಿವೇಶನ್ ಕೀ (ಎಂಎಕೆ) ತನ್ನ ಮಿತಿ ದಾಟಿದೆ ಅಂತ ಅದರ ಅರ್ಥ. ರೀಟೇಲ್ ಕೀಗೆ ಆ ಮಾತೇ ಬರಬಾರದು! /ಡಿಎಲ್‌ಐ ಹೊಡೆದು ನೋಡಿದ್ರೆ ಸಾಲಿನ ಕೊನೆಗೆ ವಾಲ್ಯೂಮ್_ಎಂಎಕೆ ಚಾನೆಲ್. ಅಂದ್ರೆ ಯಾವುದೋ ಸಂಸ್ಥೆಗೆ ಇಂತಿಷ್ಟು ಆಕ್ಟಿವೇಶನ್ ಅಂತ ಕೊಟ್ಟ ಕೀ. ಅದನ್ನೇ ಚಿಲ್ಲರೆಯಾಗಿ ಊರಿಗೆಲ್ಲ ಹಂಚಿದ್ದಾರೆ. ಹೊಸ ಬೋರ್ಡ್ ಅಂದ್ರೆ ಹೊಸ ಎಣಿಕೆ, ಎಣಿಕೆ ಖಾಲಿ. ಹಸಿರು ಟಿಕ್ ಇದನ್ನ ಹೇಳಲ್ಲ. ಮೊದಲ ದಿನವೇ ಆ ಒಂದು ಸಾಲು ಅಲ್ಲೇ ಕೂತಿತ್ತು ಅನ್ನೋದು ನೆನೆದ್ರೆ ಈಗಲೂ ಮೈ ಪರಚಿಕೊಳ್ಳೋ ಹಾಗಾಗುತ್ತೆ.

ಇನ್ನು ಮಾರಿದವರ ಉತ್ತರಗಳು. ಮೊದಲು, "ಸರ್, ಫ್ರೆಶ್ ಆಗಿ ವಿಂಡೋಸ್ ಹಾಕಿ." ಎಣಿಕೆ ಖಾಲಿಯಾದ ಕೀಗೆ ಫ್ರೆಶ್ ಇನ್‌ಸ್ಟಾಲ್ ಏನು ಮಾಡುತ್ತೆ? ಆಮೇಲೆ, "ಇನ್‌ಸ್ಟಲೇಶನ್ ಐಡಿ ಫೋಟೋ ಕಳಿಸಿ." ಫೋನಲ್ಲಿ ಆಕ್ಟಿವೇಟ್ ಮಾಡೋಕೆ ವಿಂಡೋಸ್ ತೋರಿಸೋ ಸಂಖ್ಯೆ ಅದು. 7 ಅಂಕಿಯ 9 ಗುಂಪು, ಒಟ್ಟು 63 ಅಂಕಿ, ಕಳಿಸಿದ್ದಾಯ್ತು. ವಾಪಸ್ 48 ಅಂಕಿಯ ಕನ್ಫರ್ಮೇಶನ್ ಐಡಿ ಬಂತು, ಹಿಡಿಯಲಿಲ್ಲ. ರೀಟೇಲ್ ಅಂತ ಬರೆದು ಎಂಎಕೆ ಯಾಕೆ ಕೊಟ್ರಿ ಅಂತ ಕೇಳಿದ್ದಕ್ಕೆ, "ಎರಡೂ ಒರಿಜಿನಲ್ಲೇ ಸರ್, ಹಾರ್ಡ್‌ವೇರ್ ಬದಲಿಸಿದ್ದು ನೀವು." ವರ್ಗಾಯಿಸಬಹುದು ಅಂತ ಬರೆದದ್ದು ಯಾರು ಹಾಗಾದ್ರೆ?

ಕೊನೆಗೆ ಒಂದು ಬ್ಯಾಚ್ ಫೈಲ್ (ಸಾಲಾಗಿ ಕಮಾಂಡ್ ಓಡಿಸೋ ಫೈಲ್) ಬಂತು. "ಡಿಫೆಂಡರ್ ಆಫ್ ಮಾಡಿ, ರೈಟ್ ಕ್ಲಿಕ್, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್." ನೋಟ್‌ಪ್ಯಾಡಲ್ಲಿ ತೆರೆದು ನೋಡಿದ್ರೆ ಮೂರೇ ಸಾಲು: /ಐಪಿಕೆ ಜೊತೆ ಮೈಕ್ರೋಸಾಫ್ಟೇ ಎಲ್ಲರಿಗೂ ಪ್ರಕಟಿಸಿರೋ ಕೆಎಂಎಸ್ (ಸಂಸ್ಥೆಗಳು ತಮ್ಮದೇ ಸರ್ವರಿಂದ ಆಕ್ಟಿವೇಟ್ ಮಾಡೋ ವ್ಯವಸ್ಥೆ) ಕ್ಲೈಂಟ್ ಕೀ, /ಎಸ್‌ಕೆಎಂಎಸ್ ಜೊತೆ ಯಾರದೋ ಗೊತ್ತಿಲ್ಲದ ಸರ್ವರ್ ವಿಳಾಸ, ಆಮೇಲೆ ಆಕ್ಟಿವೇಟ್ ಮಾಡೋ /ಎಟಿಒ. ಇದನ್ನ ಓಡಿಸಿದ್ರೆ ಟಿಕ್ ಬರುತ್ತೆ, ನಿಜ. ಆದ್ರೆ ಆ ಆಕ್ಟಿವೇಶನ್ 180 ದಿನದ್ದು, 7 ದಿನಕ್ಕೊಮ್ಮೆ ನಿಮ್ಮ ಪಿಸಿ ಆ ಅನಾಮಿಕ ಸರ್ವರ್ ಬಾಗಿಲು ತಟ್ಟುತ್ತಿರುತ್ತೆ. ಸರ್ವರ್ ಸತ್ತ ಮೇಲೆ ಟಿಕ್ಕೂ ಹೋಗುತ್ತೆ. ಇದಕ್ಕೆ ದುಡ್ಡು! ಈಗಾಗಲೇ ಯಾರಾದ್ರೂ ಓಡಿಸಿದ್ರೆ ಎಸ್‌ಎಲ್‌ಎಂಜಿಆರ್ /ಎಕ್ಸ್‌ಪಿಆರ್ ನೋಡಿ. ಪರ್ಮನೆಂಟ್ ಅಂತ ಬರದೆ ಒಂದು ತಾರೀಕು ಬಂದ್ರೆ ನಿಮಗೂ ಇದೇ ಟೋಪಿ.

ಚಾನೆಲ್ ರೀಟೇಲ್ ಅಂತಿದ್ರೆ ಮಾತ್ರ ಹೊಸ ಬೋರ್ಡಿಗೆ ಒಯ್ಯಬಹುದು. ಒಂದು ಸಲಕ್ಕೆ ಒಂದೇ ಪಿಸಿ. ಹಳೆಯದನ್ನ ಮಾರೋದಿದ್ರೆ ಅದರಲ್ಲಿ /ಯುಪಿಕೆ ಹೊಡೆದು ಕೀ ತೆಗೆಯಿರಿ (ಇದು ಆ ಪಿಸಿಯಿಂದ ಮಾತ್ರ ತೆಗೆಯುತ್ತೆ, ಸರ್ವರ್‌ಗೇನೂ ಹೇಳಲ್ಲ). ಡಿಜಿಟಲ್ ಲೈಸೆನ್ಸ್ (ಕೀ ಹಾಕದೆಯೇ ಆ ಪಿಸಿಯನ್ನ ಮೈಕ್ರೋಸಾಫ್ಟ್ ಗುರುತಿಸೋ ಪರವಾನಗಿ) ಆದ್ರೆ ಬೋರ್ಡ್ ಬಿಚ್ಚೋ ಮುಂಚೆಯೇ ಮೈಕ್ರೋಸಾಫ್ಟ್ ಅಕೌಂಟಿಗೆ ಲಿಂಕ್ ಮಾಡಿ. ಆಕ್ಟಿವೇಶನ್ ಪುಟದಲ್ಲಿ "ಲಿಂಕ್ಡ್ ಟು ಯುವರ್ ಮೈಕ್ರೋಸಾಫ್ಟ್ ಅಕೌಂಟ್" ಅಂತ ಕಾಣಬೇಕು. ಆಗ ಬದಲಿಸಿದ ಮೇಲೆ ಟ್ರಬಲ್‌ಶೂಟ್ ಒತ್ತಿ, ಹಾರ್ಡ್‌ವೇರ್ ಬದಲಿಸಿದ್ದೇನೆ ಅನ್ನೋದನ್ನ ಆರಿಸಬಹುದು. ಹಳೇ ಪಿಸಿಯಲ್ಲಿ ಹೋಮ್ ಆವೃತ್ತಿ ಇದ್ದು ಹೊಸದರಲ್ಲಿ ಪ್ರೊ ಹಾಕಿದ್ರೆ ಇದೂ ನಡೆಯಲ್ಲ. ಓಇಎಂ_ಡಿಎಂ (ಪಿಸಿ ತಯಾರಕರು ಹಾಕಿಕೊಟ್ಟ ಕೀ) ಅಂತ ಬಂದ್ರೆ ಕೀ ಇರೋದೇ ಆ ಬೋರ್ಡಿನ ಫರ್ಮ್‌ವೇರಲ್ಲಿ, ಬೇರೆ ಬೋರ್ಡಿಗೆ ಬರಲ್ಲ, ಆಸೆ ಬಿಡಿ.

ಇನ್ನೊಂದು. ಕೀಯ ಕೊನೇ ಐದು ಅಕ್ಷರ 3ವಿ66ಟಿ ಅಂತ ಕಂಡ್ರೆ ಅದನ್ನ ಬರೆದಿಟ್ಟುಕೊಂಡು ಪ್ರಯೋಜನವಿಲ್ಲ. ಡಿಜಿಟಲ್ ಲೈಸೆನ್ಸ್ ಇರೋ ಪ್ರೊಗೆಲ್ಲ ಸಾಮಾನ್ಯವಾಗಿ ಕಾಣೋ ಜೆನೆರಿಕ್ ಕೀ ಅದು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ರೆ ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಬೇರೆ ಕಡೆ ಇಟ್ಟುಕೊಳ್ಳಿ. ಸಸ್ಪೆಂಡ್ ಮಾಡದಿದ್ರೆ ಟಿಪಿಎಂ (ಆ ಬೀಗದ ಗುಟ್ಟು ಕಾಯೋ ಭದ್ರತಾ ಚಿಪ್) ಬದಲಾದ ಕೂಡಲೇ ಡಿಸ್ಕ್ ಅದನ್ನೇ ಕೇಳುತ್ತೆ.

ಕೀ ತಗೊಂಡ ದಿನವೇ /ಡಿಎಲ್‌ಐ ಪೆಟ್ಟಿಗೆಯ ಸ್ಕ್ರೀನ್‌ಶಾಟ್, ಮಾರಾಟದ ಪುಟದ ಸ್ಕ್ರೀನ್‌ಶಾಟ್ ಎರಡೂ ಇಟ್ಟುಕೊಳ್ಳಿ. ಎರಡೂ ತಾಳೆಯಾಗದಿದ್ರೆ ದುಡ್ಡು ಕಟ್ಟಿದ ಕಡೆ ನೇರ ಡಿಸ್ಪ್ಯೂಟ್ ಹಾಕಿ. ಚಾಟಲ್ಲಿ "ನಾಳೆ ನೋಡ್ತೀವಿ ಸರ್" ಕೇಳ್ತಾ ಕೂತರೆ ರೀಫಂಡ್ ಗಡುವು ಮುಗಿಯುತ್ತೆ, ಅವರು ಕಾಯ್ತಿರೋದೂ ಅದಕ್ಕೇ.