ಪುಣೆಗೆ ರೆಕಾರ್ಡಿಂಗ್‌ಗೆ ಹೊರಟ ಭಜನಿ ಮಂಡಳಿಯವರೇ, ಸಹಿ ಹಾಕುವ ಮುಂಚೆ ಇದನ್ನು ಓದಿ

ಸಂಕ್ರಾಂತಿ ಹತ್ತಿರ ಬಂತೆಂದರೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಭಜನಿ ಮಂಡಳಿಗಳಿಗೆ ಒಂದೇ ತರಾತುರಿ. ಸೋಲಾಪುರದ ಸಿದ್ಧರಾಮೇಶ್ವರ ಜಾತ್ರೆಯ ಹೊತ್ತಿಗೆ ನಮ್ಮ ಪದಗಳ ರೆಕಾರ್ಡಿಂಗ್ ಆಗಬೇಕು, ಮಂದಿಯ ಮೊಬೈಲಿಗೆ ಮುಟ್ಟಬೇಕು. ಈ ಸಲವೂ ನಮ್ಮ ಕಡೆಯ ಕೆಲವು ಮಂಡಳಿಯವರು ಪುಣೆಗೆ ಹೊರಟಿದ್ದಾರೆಂದು ಕೇಳಿದೆ. ಕಳೆದ ಚಳಿಗಾಲ ಅಲ್ಲಿ ನಮ್ಮ ತಂಡಕ್ಕೆ ಆದದ್ದು ಇನ್ನೊಬ್ಬರಿಗೆ ಆಗಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಸ್ಟುಡಿಯೋದ ಹೆಸರು ಹೇಳುವುದಿಲ್ಲ. ಇಂಥ ವ್ಯವಹಾರ ಅಲ್ಲೊಂದೇ ಕಡೆ ನಡೆಯುತ್ತದೆಂದು ನನಗೆ ಅನ್ನಿಸುವುದೂ ಇಲ್ಲ.

ನಾವು ಹಾಡುವುದು ಅನುಭಾವಿ ಕವಿ ಕಡಕೋಳ ಮಡಿವಾಳಪ್ಪನವರ ಹಾದಿಯ ತತ್ವಪದ. ಏಕತಾರಿ, ದಮ್ಮಡಿ (ಚರ್ಮ ಕಟ್ಟಿದ ಕೈವಾದ್ಯ), ತಾಳ, ಪೇಟಿ (ಹಾರ್ಮೋನಿಯಂ), ತಬಲಾ, ಇಷ್ಟೇ ನಮ್ಮ ಸಾಮಾನು. ಮುಂದೆ ನಿಂತು ಹಾಡುವವರು ಊರಿನ ಕಾಕಾ, ಎಪ್ಪತ್ತು ದಾಟಿದವರು. ಅವರ ಕೆಲವು ಧಾಟಿಗಳನ್ನು ಇನ್ನೊಬ್ಬರ ಬಾಯಲ್ಲಿ ನಾನು ಕೇಳಿಲ್ಲ. 1956ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿ ನಮ್ಮ ತಾಲೂಕು ಈಚೆ, ಈಗಿನ ಮಹಾರಾಷ್ಟ್ರದ ಕಡೆ, ಉಳಿದ ಮೇಲೆ, ಮಠದ ಅಮಾವಾಸ್ಯೆ ಭಜನೆಯಲ್ಲಿ ಕನ್ನಡ ಬದುಕಿದ್ದು ಇಂಥವರಿಂದ. ಅವರ ಧ್ವನಿ ಚೆನ್ನಾಗಿರುವಾಗಲೇ ಹಿಡಿದಿಡಬೇಕೆಂದು ಎಲ್ಲರೂ ಸೇರಿ ದುಡ್ಡು ಹಾಕಿದ್ದೆವು.

ಫೋನಿನಲ್ಲಿ ಆದ ಮಾತು ಒಂದು ಶಿಫ್ಟ್, ಅಂದರೆ ಒಂದು ಪಾಳಿಯ ಬಾಡಿಗೆ. ಬೆಳಗಿನ ಸೋಲಾಪುರ-ಪುಣೆ ರೈಲು ಹುತಾತ್ಮ ಎಕ್ಸ್‌ಪ್ರೆಸ್‌ಗೆ ಹೋಗಿ ಸಂಜೆ ಅದರಲ್ಲೇ ತಿರುಗಿ ಬರುವ ಲೆಕ್ಕ. ಬಾಗಿಲು ದಾಟಿದ ಕ್ಷಣದಿಂದಲೇ ಗಡಿಯಾರ ಓಡುತ್ತದೆ, ಮೈಕು ಕಟ್ಟುವ ಹೊತ್ತೂ ನಮ್ಮ ಲೆಕ್ಕಕ್ಕೇ ಬೀಳುತ್ತದೆ ಎಂದು ಅಲ್ಲಿಗೆ ಹೋದ ಮೇಲೆ ಹೇಳಿದರು. ಮುಂಜಾನೆಯ ಥಂಡಿಗೆ ದಮ್ಮಡಿಯ ಚರ್ಮ ಸಡಿಲಾಗಿತ್ತು. ನಮ್ಮಲ್ಲಾದರೆ ಒಂದಿಷ್ಟು ರವದಿ (ಕಬ್ಬಿನ ಒಣ ಸೋಗೆ) ಉರಿಸಿ ಕಾಸುತ್ತೇವೆ, ಸ್ಟುಡಿಯೋದಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ. ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು ಕಾಯಬೇಕಾಯಿತು. ಒಳಗೆ ಎಸಿಯ ಒಣ ಗಾಳಿಗೆ ತಬಲಾದ ಶ್ರುತಿ ಏರುತ್ತ ಹೋಗಿ, ಪದಕ್ಕೊಮ್ಮೆ ಸುತ್ತಿಗೆ ಹಿಡಿಯಬೇಕಾಯಿತು. ಚಳಿಗಾಲದಲ್ಲಿ ಹೋಗುವವರು ಹಿಂದಿನ ರಾತ್ರಿಯೇ ಪುಣೆ ಮುಟ್ಟಿ, ವಾದ್ಯಗಳನ್ನು ರೆಕಾರ್ಡಿಂಗ್ ಕೋಣೆಯಲ್ಲೇ ಇಡಲು ಕೇಳಿಕೊಳ್ಳಿ.

ಆಮೇಲೆ ಬಂತು ಕ್ಲಿಕ್ಕಿನ ಹಟ. ಕಿವಿಯಲ್ಲಿ ಟಿಕ್ ಟಿಕ್ ಎಂಬ ತಾಳದ ಸದ್ದು ಕೇಳುತ್ತ ಒಬ್ಬೊಬ್ಬರೇ ಬೇರೆ ಬೇರೆಯಾಗಿ ಹಾಡಿ, ನುಡಿಸಿ ಎಂದರು. ಸಿನಿಮಾ ಹಾಡಿಗೆ ಅದು ಸರಿಯಿದ್ದೀತು. ತತ್ವಪದದಲ್ಲಿ ಕಾಕಾ ಒಂದು ನುಡಿ ಎತ್ತುತ್ತಾರೆ, ಹಿಂದಿನವರು ಅದನ್ನು ಹಿಡಿಯುತ್ತಾರೆ, ಆ ಹಿಡಿತದ ಮೇಲೆ ಅವರು ಮುಂದಿನದನ್ನು ಏರಿಸುತ್ತಾರೆ. ಲಯ ಏರುವುದೇ ಪದದ ಜೀವ. ಖಾಲಿ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತ ಕಾಕಾ ಎರಡು ಸಲ ನಿಲ್ಲಿಸಿ, "ತಮ್ಮಾ, ಹಿಂದ ಯಾರೂ ಇಲ್ಲದ ಪದಾ ಹೆಂಗ ಹಾಡ್ಲೋ?" ಎಂದರು. ನನಗೆ ಈಗಲೂ ಹೊಟ್ಟೆ ಉರಿಯುವುದು ಆ ಮಾತಿಗೆ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ, ಒಬ್ಬೊಬ್ಬರಿಗೂ ಬೇರೆ ಮೈಕು ಕೊಟ್ಟು ರೆಕಾರ್ಡ್ ಮಾಡಲು ಬರುತ್ತದೆ. ಒಬ್ಬರ ಧ್ವನಿ ಇನ್ನೊಬ್ಬರ ಮೈಕಿಗೆ ಸ್ವಲ್ಪ ಸೇರುತ್ತದೆ, ಅಷ್ಟೇ. ಹಾಗೆ ಮಾಡಿಕೊಡುತ್ತೀರಾ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ನಿಜವಾದ ಪೆಟ್ಟು ಬಿದ್ದದ್ದು ಕೊನೆಗೆ. ರೈಲಿನ ಹೊತ್ತಾಗಿ ಪೇಟಿ ಕಟ್ಟುತ್ತಿದ್ದಾಗ ಇಂಗ್ಲಿಷಿನ ಒಂದು ಕಾಗದ ತಂದು, ಇದು ಬರೀ ರಸೀದಿಯ ಹಾಗೆ, ಎಲ್ಲರೂ ಸಹಿ ಮಾಡುತ್ತಾರೆ ಎಂದು ಕಾಕಾನ ಕೈಗೆ ಪೆನ್ನು ಕೊಟ್ಟರು. ಅದರಲ್ಲಿ ನಿರ್ಮಾಪಕ ಎಂಬಲ್ಲಿ ಸ್ಟುಡಿಯೋದ ಹೆಸರಿತ್ತು. ಪೂರ್ತಿ ದುಡ್ಡು ಕೊಟ್ಟವರು ನಾವು!

ಕೆಲವು ವಾರಗಳ ನಂತರ ವಾಟ್ಸಾಪಿನಲ್ಲಿ ಎಂಪಿ3 ಬಂತು. 24 ಬಿಟ್, 48 ಕಿಲೋಹರ್ಟ್ಸ್‌ನ ಸ್ಟೀರಿಯೋ ವೇವ್ ಫೈಲು, ಅಂದರೆ ಕುಗ್ಗಿಸದ ಪೂರ್ತಿ ಧ್ವನಿ, ನಿಮಿಷಕ್ಕೆ ಸುಮಾರು 17 ಎಂಬಿ ಆಗುತ್ತದೆ. ನಮಗೆ ಬಂದದ್ದು ನಿಮಿಷಕ್ಕೆ ಒಂದು ಎಂಬಿಯಷ್ಟೂ ಇರಲಿಲ್ಲ. ಬೇರೆ ಬೇರೆ ಮೈಕಿನ ಮೂಲ ಟ್ರ್ಯಾಕ್ ಕೇಳಿದರೆ ಇನ್ನಷ್ಟು ದುಡ್ಡು ಕೇಳಿದರು, ಕೊನೆಗೆ ಫೋನೇ ಎತ್ತಲಿಲ್ಲ. ಆ ಎಂಪಿ3ಯನ್ನೇ ನಮ್ಮ ಯೂಟ್ಯೂಬ್ ಚಾನೆಲ್‌ಗೆ ಹಾಕಿದಾಗ, ಈ ರೆಕಾರ್ಡಿಂಗ್ ಬೇರೆಯವರದು ಎಂದು ಕ್ಲೇಮ್ ಬಂತು. ಸ್ಟುಡಿಯೋದವರು ಅಷ್ಟರಲ್ಲಿ ತಮ್ಮ ಹೆಸರಿನಲ್ಲಿ ಬಿಡುಗಡೆ ಮಾಡಿಬಿಟ್ಟಿದ್ದರು. ಕಾಕಾನ ಹೆಸರು ಎಲ್ಲಿಯೂ ಇಲ್ಲ.

ಹಳೆಯ ತತ್ವಪದ ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಹಾಡಿದ್ದರ ರೆಕಾರ್ಡಿಂಗ್‌ಗೆ ಬೇರೆಯದೇ ಹಕ್ಕಿದೆ, ಅದು 60 ವರ್ಷ ನಡೆಯುತ್ತದೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ರೆಕಾರ್ಡಿಂಗ್ ಮಾಡಿಸಲು ಮುಂದಾಗಿ ಅದರ ಹೊಣೆ ಹೊತ್ತವರೇ ನಿರ್ಮಾಪಕರು. ಮೈಕು, ಕೋಣೆ ಬಾಡಿಗೆಗೆ ಕೊಟ್ಟ ಮಾತ್ರಕ್ಕೆ ಯಾರೂ ಆ ಜಾಗಕ್ಕೆ ಬರುವುದಿಲ್ಲ. ಹಾಡಿದವರಿಗೂ ನುಡಿಸಿದವರಿಗೂ ಕಲಾವಿದರ ಹಕ್ಕು 50 ವರ್ಷ ಇರುತ್ತದೆ. ಕಾಪಿರೈಟ್ ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಆದರೆ ಮಾತ್ರ ಊರ್ಜಿತ. ಕಾಗದದಲ್ಲಿ ಅವಧಿ ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅದು ನಡೆಯುತ್ತದೆ. ಸಹಿಗಾಗಿ ಅವರು ಅಷ್ಟು ಅವಸರ ಮಾಡಿದ್ದು ಇದಕ್ಕೇ.

ಇಂಥ ಕ್ಲೇಮ್ ಬಂದರೆ ಹೆದರಿ ವಿಡಿಯೋ ತೆಗೆಯಬೇಡಿ. ಯೂಟ್ಯೂಬ್‌ನಲ್ಲೇ ತಕರಾರು ಸಲ್ಲಿಸಿ, ಉತ್ತರ ಕೊಡಲು ಕ್ಲೇಮ್ ಮಾಡಿದವರಿಗೆ 30 ದಿನ ಇರುತ್ತದೆ. ದುಡ್ಡು ಕೊಟ್ಟ ರಸೀದಿ, ಫೋನ್‌ಪೇ ದಾಖಲೆ, ಶಿಫ್ಟ್ ಗೊತ್ತು ಮಾಡಿದ ಮೆಸೇಜು, ಆ ದಿನ ತೆಗೆದ ವಿಡಿಯೋ ಎಲ್ಲ ಜೋಪಾನ ಮಾಡಿ. ನಮ್ಮ ಕಡೆಯಿಂದ ಸೋಲಾಪುರದ ವಕೀಲರೊಬ್ಬರು ನೋಟಿಸ್ ಕಳಿಸಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.

ಹೋಗುವವರು ಒಂದು ಹಾರ್ಡ್ ಡಿಸ್ಕ್ ಒಯ್ಯಿರಿ. ಕೊನೆಯ ಕಂತು ಕೊಡುವ ಮೊದಲು ಮೂಲ ಟ್ರ್ಯಾಕುಗಳನ್ನು ಅದಕ್ಕೆ ಹಾಕಿಸಿ, ಅಲ್ಲೇ ತೆರೆದು ಕೇಳಿ. ಕಾಗದದಲ್ಲಿ ಕನ್ನಡದಲ್ಲೋ ಮರಾಠಿಯಲ್ಲೋ ಇಷ್ಟು ಬರೆಸಿ: "ಈ ರೆಕಾರ್ಡಿಂಗಿನ ನಿರ್ಮಾಪಕರು ಭಜನಿ ಮಂಡಳಿಯವರು. ಸ್ಟುಡಿಯೋ ಪಡೆದದ್ದು ಕೆಲಸದ ಕೂಲಿ ಮಾತ್ರ. ಮೂಲ ಟ್ರ್ಯಾಕುಗಳನ್ನು ಮಂಡಳಿಗೆ ಒಪ್ಪಿಸಲಾಗಿದೆ." ಇದಕ್ಕೆ ಒಪ್ಪದವರ ಬಳಿ ಒಂದು ಪದವನ್ನೂ ಹಾಡಬೇಡಿ.