‘ಪಿಕ್ ಅಪ್’ ಹಿಡಿದು ನೋಡಿದ ಒಂದು ನಿಘಂಟು: ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರೀಸ್

ದುಡ್ಡು ಕೊಡದೆ ಸಿಗುವ ಇಂಗ್ಲಿಷ್ ನಿಘಂಟುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದವರಿಗೆ ನಾನು ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರೀಸ್ ಜಾಲತಾಣದ ಹೆಸರು ಹೇಳುತ್ತೇನೆ. ಕಷ್ಟದ ಪದಗಳಿಗಾಗಿ ಅಲ್ಲ. ಅವುಗಳ ಅರ್ಥ ಎಲ್ಲಿ ಬೇಕಾದರೂ ಸಿಗುತ್ತದೆ. ‘ಪಿಕ್ ಅಪ್’, ‘ಪುಟ್ ಆಫ್’, ‘ಟರ್ನ್ ಡೌನ್’ ಥರದ ಜೋಡಿ ಪದಗಳಿವೆಯಲ್ಲ, ಅವುಗಳಿಗಾಗಿ. ಎರಡೂ ಪುಟ್ಟ ಪದ, ಎರಡೂ ಗೊತ್ತಿರುವ ಪದ. ಆದರೆ ಜೊತೆಗೆ ಬಂದಾಗ ಏನು ಹೇಳುತ್ತಿವೆ ಅಂತಲೇ ಗೊತ್ತಾಗುವುದಿಲ್ಲ.

ನಾನು ಮೈಸೂರಿನ ಗೋಕುಲಂನಲ್ಲಿ ಒಂದು ಗೆಸ್ಟ್‌ಹೌಸ್‌ನ ಬುಕಿಂಗ್ ನೋಡಿಕೊಳ್ಳುತ್ತೇನೆ. ಯೋಗ ಕಲಿಯಲು ಹೊರದೇಶಗಳಿಂದ ಬರುವವರೇ ಇಲ್ಲಿ ಜಾಸ್ತಿ. ಅವರಿಗೆ ಮೆಸೇಜ್ ಕಳಿಸುವುದು, ದೇವನಹಳ್ಳಿ ಏರ್‌ಪೋರ್ಟಿಗೆ ಕಾರು ಕಳಿಸುವುದು, ಡ್ರೈವರ್‌ಗಳಿಗೆ ನಾಲ್ಕು ಮಾತು ಇಂಗ್ಲಿಷ್ ಹೇಳಿಕೊಡುವುದು, ಎಲ್ಲ ನನ್ನದೇ. ಈ ಕೆಲಸದಲ್ಲಿ ‘ಪಿಕ್ ಅಪ್’ ಇಲ್ಲದ ದಿನ ಇಲ್ಲ. ಹಾಗಾಗಿ ಯಾವ ನಿಘಂಟು ಸಿಕ್ಕರೂ ಮೊದಲು ಅದನ್ನೇ ಹುಡುಕುತ್ತೇನೆ.

ಕನ್ನಡದವರಿಗೆ ಪಿಕಪ್ ಹೊಸದೇನಲ್ಲ. ಪಿಕಪ್-ಡ್ರಾಪ್ ಅಂತೀವಿ. ತರಕಾರಿ ತರುವ ಗಾಡಿ ಪಿಕಪ್. ಬೈಕಿಗೆ ಪಿಕಪ್ ಇಲ್ಲ ಅಂತ ಮೆಕ್ಯಾನಿಕ್ ಹತ್ತಿರ ಹೋಗ್ತೀವಿ. (ಈ ಕೊನೆಯದು ನಮ್ಮವರೇ ಕಟ್ಟಿದ ಅರ್ಥ ಅಂತ ಕೆಲವರು ಹೇಳುತ್ತಾರೆ. ಆದರೆ ಅಮೆರಿಕದ ಇಂಗ್ಲಿಷಿನಲ್ಲೂ ಗಾಡಿ ವೇಗ ಹಿಡಿಯುವ ಶಕ್ತಿಗೆ ಪಿಕಪ್ ಅನ್ನುತ್ತಾರೆ.) ತೊಂದರೆ ಆಗುವುದು ನಮಗೆ ಗೊತ್ತಿಲ್ಲದ ಅರ್ಥದಲ್ಲಿ ಆ ಮಾತು ಬಂದಾಗ. ಒಮ್ಮೆ ಇಂಗ್ಲೆಂಡಿನ ಅತಿಥಿಯೊಬ್ಬರು ಕಾರಿನಿಂದ ಇಳಿಯುತ್ತಾ ‘ಐ ಥಿಂಕ್ ಐ ಹ್ಯಾವ್ ಪಿಕ್ಡ್ ಅಪ್ ಎ ಬಗ್’ ಅಂದರು. ನಮ್ಮ ಡ್ರೈವರ್ ಪಾಪ, ಕಾರಿನ ಸೀಟು ಕವರ್ ಎಲ್ಲ ತೆಗೆದು ಒದರಿದ. ‘ಅಕ್ಕಾ, ಯಾವ ಹುಳಾನೂ ಕಾಣಿಸ್ತಿಲ್ಲ’ ಅಂತ ಬಂದು ಹೇಳಿದ. ಅವರು ಹೇಳಿದ್ದು ಹೊಟ್ಟೆ ಕೆಟ್ಟಿದೆ, ಏನೋ ಸೋಂಕು ತಗುಲಿದೆ ಅಂತ. ಅವರಿಗೆ ಬೇಕಿದ್ದದ್ದು ಓಆರ್‌ಎಸ್ ಮತ್ತು ಡಾಕ್ಟರು.

ಅನುವಾದ ಮಾಡುವ ಒಂದು ಆ್ಯಪ್‌ನಲ್ಲಿ ಬರೀ ‘ಪಿಕ್ ಅಪ್’ ಅಂತ ಹಾಕಿದರೆ ‘ಎತ್ತಿಕೊಳ್ಳಿ’ ಅಂತ ಬಂತು. ಅಷ್ಟೇ. ಆಕ್ಸ್‌ಫರ್ಡ್ ತಾಣ ಹಾಗೆ ಕೈ ತೊಳೆದುಕೊಳ್ಳುವುದಿಲ್ಲ. ವ್ಯಾಪಾರ ಕುದುರುವುದು, ಗಾಳಿ ಜೋರಾಗುವುದು ಒಂದು ಅರ್ಥ. ನಿಲ್ಲಿಸಿದ ಮಾತನ್ನು ಅಲ್ಲಿಂದಲೇ ಮುಂದುವರಿಸುವುದು, ಫೋನ್ ಎತ್ತುವುದು, ಯಾರನ್ನೋ ಗಾಡಿಯಲ್ಲಿ ಕರೆದುಕೊಂಡು ಬರುವುದು, ಪಾಠ ಇಲ್ಲದೆ ಕೇಳ್ತಾ ಕೇಳ್ತಾ ಭಾಷೆ ಕಲಿಯುವುದು, ರೇಡಿಯೋ ಸಿಗ್ನಲ್ ಹಿಡಿಯುವುದು, ನೆಗಡಿ ಅಂಟಿಸಿಕೊಳ್ಳುವುದು, ಪೊಲೀಸರು ಎತ್ತಾಕಿಕೊಂಡು ಹೋಗುವುದು. ಒಂದೊಂದನ್ನೂ ಬೇರೆ ಮಾಡಿ, ಕೆಳಗೆ ವಾಕ್ಯ ಕೊಟ್ಟಿದೆ. ನನಗೆ ಅರ್ಥಕ್ಕಿಂತ ಈ ವಾಕ್ಯಗಳೇ ಮುಖ್ಯ. ವಾಕ್ಯ ಓದಿದರೆ ಯಾರು ಯಾರಿಗೆ ಹೀಗೆ ಹೇಳುತ್ತಾರೆ ಅನ್ನುವುದು ತಿಳಿಯುತ್ತದೆ.

ಆಡುಮಾತಿನ ಅರ್ಥ ಇದ್ದರೆ ಅದನ್ನೂ ಗುರುತು ಮಾಡಿರುತ್ತಾರೆ. ‘ಪಿಕ್ ಅಪ್’ಗೆ ಇದು ತುಂಬಾ ಬೇಕು. ಪರಿಚಯ ಇಲ್ಲದವರನ್ನು ಬಾರಿನಲ್ಲೋ ಪಾರ್ಟಿಯಲ್ಲೋ ಮಾತಾಡಿಸಿ ಬುಟ್ಟಿಗೆ ಹಾಕಿಕೊಳ್ಳುವುದಕ್ಕೂ ಇದೇ ಮಾತು. ಏರ್‌ಪೋರ್ಟಿನಿಂದ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಬಂದ ಡ್ರೈವರ್ ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಫ್ರಮ್ ದಿ ಏರ್‌ಪೋರ್ಟ್’ ಅನ್ನುವುದನ್ನು ಬಿಡಬಾರದು. ಇದನ್ನು ನಮ್ಮ ಹುಡುಗರಿಗೆ ನಾನು ನೇರವಾಗಿಯೇ ಹೇಳುತ್ತೇನೆ. ಸಂಕೋಚ ಪಟ್ಟರೆ ಅವರಿಗೇ ತೊಂದರೆ.

ಈ ನಿಘಂಟನ್ನು ನಾನು ಬಿಡದೆ ಇರುವುದಕ್ಕೆ ದೊಡ್ಡ ಕಾರಣ ಒಂದು ಪುಟ್ಟ ಗುರುತು. ‘ಪಿಕ್’ ಮತ್ತು ‘ಅಪ್’ ನಡುವೆ ಎರಡೂ ಕಡೆ ಮುಖ ಮಾಡಿದ ಬಾಣ ಇರುತ್ತದೆ. ಅಂದರೆ ಆ ಎರಡು ಪದಗಳನ್ನು ಬಿಡಿಸಬಹುದು. ‘ಪಿಕ್ ಅಪ್ ದಿ ಬ್ಯಾಗ್’ ಸರಿ, ‘ಪಿಕ್ ದಿ ಬ್ಯಾಗ್ ಅಪ್’ ಕೂಡ ಸರಿ. ಆದರೆ ಹೆಸರಿನ ಬದಲು ‘ಇಟ್’, ‘ಯು’, ‘ಹಿಮ್’, ‘ದೆಮ್’ ಬಂದರೆ ಅದು ನಡುವೆಯೇ ಕೂರಬೇಕು. ‘ಪಿಕ್ ಯು ಅಪ್’ ಅನ್ನಬೇಕು, ‘ಪಿಕ್ ಅಪ್ ಯು’ ಅಲ್ಲ. ನಮ್ಮ ಕಡೆಯ ಟ್ರಾವೆಲ್ಸ್‌ನವರ ಮೆಸೇಜುಗಳಲ್ಲಿ ‘ಡ್ರೈವರ್ ವಿಲ್ ಪಿಕ್ ಅಪ್ ಯು’ ಅಂತ ನಾನು ಬಹಳ ಸಲ ಓದಿದ್ದೇನೆ. ಅತಿಥಿಗೆ ಅರ್ಥ ಆಗುತ್ತದೆ, ಅದು ಬೇರೆ ಮಾತು. ಕೆಲಸಕ್ಕೆ ಇಂಟರ್‌ವ್ಯೂ ಕೊಡುವವರಿಗೆ, ಪರೀಕ್ಷೆ ಬರೆಯುವವರಿಗೆ ಮಾತ್ರ ಇದು ನಷ್ಟ ಮಾಡುತ್ತದೆ. ‘ಲುಕ್ ಆಫ್ಟರ್’ ಹುಡುಕಿ ನೋಡಿ, ಅಲ್ಲಿ ಬಾಣ ಇರುವುದಿಲ್ಲ. ಅದನ್ನು ಬಿಡಿಸುವ ಹಾಗಿಲ್ಲ. ‘ಲುಕ್ ಆಫ್ಟರ್ ಹಿಮ್’ ಅಷ್ಟೇ.

ವಿವರಣೆಗಳ ಭಾಷೆ ಸರಳವಾಗಿದೆ. ಆಕ್ಸ್‌ಫರ್ಡ್ 3000 ಅಂತ ಬಳಕೆಯ ಪದಗಳ ಒಂದು ಪಟ್ಟಿ ಇದೆ, ವಿವರಣೆ ಬರೆಯುವಾಗ ಸಾಧ್ಯವಾದಷ್ಟು ಆ ಪದಗಳನ್ನೇ ಬಳಸುತ್ತಾರೆ. ಕಲಿಯುವವರಿಗಾಗಿ ಬರೆಯುವುದು ಇದಕ್ಕೆ ಮೊದಲಿನಿಂದ ಬಂದ ಗುಣ. ಈ ನಿಘಂಟಿನ ಮೂಲ ರೂಪ ಮಾಡಿದ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ಅದು ಮೊದಲು ಅಚ್ಚಾದದ್ದೂ ಜಪಾನಿನಲ್ಲೇ, 1942ರಲ್ಲಿ. ಆಕ್ಸ್‌ಫರ್ಡ್‌ನವರು 1948ರಲ್ಲಿ ಅದನ್ನು ಹೊರತಂದರು. ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳ ಎದುರು ನಿಂತು ಪಾಠ ಮಾಡಿದವರ ನಿಘಂಟು ಇದು. ಪದಗಳನ್ನು ಎಲ್ಲೆಲ್ಲಿ ಇಡಬೇಕು ಅಂತ ಇಷ್ಟು ಕಾಳಜಿಯಿಂದ ತೋರಿಸುವುದು ಅದಕ್ಕೇ ಅಂತ ನನಗೆ ಅನಿಸುತ್ತದೆ.

ಕೊರತೆಗಳೂ ಇವೆ. ಕನ್ನಡ ಅರ್ಥ ಇಲ್ಲ, ಇಂಗ್ಲಿಷಿನಿಂದ ಇಂಗ್ಲಿಷಿಗೆ ಮಾತ್ರ. ಹತ್ತನೇ ತರಗತಿಯ ಇಂಗ್ಲಿಷ್ ಪಾಠ ಓದಿ ಅರ್ಥ ಮಾಡಿಕೊಳ್ಳುವಷ್ಟು ಬಂದರೆ ಸಾಕು, ನಡೆಯುತ್ತದೆ. ಅಷ್ಟೂ ಬಾರದವರಿಗೆ ಪಕ್ಕದಲ್ಲಿ ಕೂತು ಹೇಳುವವರು ಬೇಕು. ಜಾಹೀರಾತು ಇವೆ, ಫೋನಿನ ಸಣ್ಣ ಪರದೆಯಲ್ಲಿ ಕಿರಿಕಿರಿ. ‘ಪಿಕ್’ ಪದದ ಪುಟಕ್ಕೆ ಹೋದರೆ ಜೋಡಿ ಪದಗಳು ತೀರಾ ಕೆಳಗೆ ಇರುತ್ತವೆ, ಬೆರಳು ನೋಯುವಷ್ಟು ಸರಿಸಬೇಕು. ಆ ಬಾಣವೂ ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಅಷ್ಟು ಮುಖ್ಯವಾದ ವಿಷಯವನ್ನು ಇನ್ನೂ ಎದ್ದು ಕಾಣುವ ಹಾಗೆ ತೋರಿಸಬೇಕಿತ್ತು.

ಯಾವ ಪದವನ್ನು ಒತ್ತಿ ಹೇಳಬೇಕು ಅನ್ನುವುದನ್ನು ನೀವೇ ಬಾಯಲ್ಲಿ ಹೇಳಿ ನೋಡಿ ಕಲಿಯಬೇಕು. ಮಾಡುವ ಕೆಲಸವನ್ನು ‘ಪಿಕ್ ಅಪ್’ ಅಂದಾಗ ಒತ್ತು ‘ಅಪ್’ ಮೇಲೆ ಬೀಳುತ್ತದೆ. ಗಾಡಿಯನ್ನೋ ಟ್ರಿಪ್ಪನ್ನೋ ಪಿಕಪ್ ಅಂದಾಗ ‘ಪಿಕ್’ ಮೇಲೆ. ನಾವು ಎರಡನ್ನೂ ಒಂದೇ ಥರ ಹೇಳುತ್ತೇವೆ.

ಹುಡುಕುವಾಗ ನಡುವೆ ಜಾಗ ಬಿಟ್ಟು ‘ಪಿಕ್ ಅಪ್’ ಅಂತ ಎರಡು ಪದವಾಗಿ ಟೈಪ್ ಮಾಡಿ, ಕೆಳಗೆ ಸರಿಸುವ ಕಷ್ಟ ತಪ್ಪುತ್ತದೆ. ಎಲ್ಲ ಅರ್ಥ ಒಂದೇ ದಿನ ಓದಲು ಹೋಗಬೇಡಿ, ತಲೆ ಕೆಡುತ್ತದೆ. ನಿಮ್ಮ ಕೆಲಸಕ್ಕೆ ಬೇಕಾದ ಎರಡು ಅರ್ಥ ತೆಗೆದುಕೊಂಡು, ಅಲ್ಲಿರುವ ವಾಕ್ಯದಲ್ಲಿ ಊರು, ಟೈಮು ಬದಲಾಯಿಸಿ ಬರೆಯಿರಿ. ನಮ್ಮ ಡ್ರೈವರ್‌ಗಳು ‘ಐ ವಿಲ್ ಪಿಕ್ ಯು ಅಪ್ ಅಟ್ ಸಿಕ್ಸ್’ ಕಲಿತದ್ದು ಹಾಗೆಯೇ. ಈಗ ಅತಿಥಿಗಳಿಗೆ ಅವರೇ ಮೆಸೇಜ್ ಕಳಿಸುತ್ತಾರೆ.